ಪಾಲಕರಿಲ್ಲದ ಭಾನುವಾರಗಳು

ಕನ್ನಡ ಕ್ರೈಸ್ತರ ಮಾತಿನಲ್ಲಿ ಚರ್ಚಿಗೆ ಇನ್ನೊಂದು ಹೆಸರು ‘ಸಭೆ’. ಕಲ್ಲು ಗಾರೆಯ ಕಟ್ಟಡಕ್ಕಿಂತ ಅಲ್ಲಿ ಕೂಡಿದ ಜನರನ್ನು ಮುಂದು ಮಾಡುವ ಪದ ಅದು. ಬ್ಯಾಪ್ಟಿಸ್ಟ್ ಪಂಥದ ತಿರುಳು ಹೇಳಲು ಇದಕ್ಕಿಂತ ಹತ್ತಿರದ ಪದ ಸಿಗಲಾರದು. ನಂಬಿಕೆಯನ್ನು ತಾವಾಗಿ ಒಪ್ಪಿ ದೀಕ್ಷಾಸ್ನಾನ ಪಡೆದವರು ಒಂದೆಡೆ ಕೂಡಿ ಒಬ್ಬರಿಗೊಬ್ಬರು ಬದ್ಧರಾದರೆ ಅಲ್ಲಿ ಸಭೆ ಇದೆ. ಬಿಷಪ್ಪರು ಮೇಲಿನಿಂದ ಅದಕ್ಕೆ ಮುದ್ರೆ ಒತ್ತಬೇಕಿಲ್ಲ. ಹಾಗಿದ್ದರೆ ಸಭೆಯ ಪಾಸ್ಟರ್, ಅಂದರೆ ಪಾಲಕರು, ನಿವೃತ್ತರಾಗಿ, ಬೇರೆ ಊರಿಗೆ ಹೊರಟು, ಇಲ್ಲವೇ ತೀರಿಕೊಂಡು ಪ್ರಸಂಗಪೀಠ ತೆರವಾದಾಗ ಏನಾಗುತ್ತದೆ? ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಇಂಥ ತೆರವು ವರ್ಷಗಟ್ಟಲೆ ಉಳಿಯುವುದು ಅಪರೂಪವಲ್ಲ. ಮುಂದಿನ ಬಸ್ಸಿಗೆ ಕಾಯುವವರ ಹಾಗೆ ಆ ಕಾಲವನ್ನು ಕಳೆಯುವ ಸಭೆಗಳಿವೆ. ನನಗೆ ತೋರುವುದು ಬೇರೆ. ಸಭೆ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದನ್ನು ಬದುಕಿ ತೋರಿಸಬೇಕಾದ ಕಾಲ ಅದೇ, ಮತ್ತು ಆಗ ಕೈಗೆ ಹತ್ತಿದ ಕೆಲಸವನ್ನು ಹೊಸ ಪಾಲಕರು ಬಂದ ಮೇಲೂ ಬಿಟ್ಟುಕೊಡಬಾರದು.

ಮೊದಲು ಇದು ನಡೆಯುವ ಬಗೆ. ಪಾಲಕರಿದ್ದಾಗಲೂ ಕೊನೆಯ ಮಾತು ಸದಸ್ಯರ ಕೂಟದ್ದೇ ಆದ್ದರಿಂದ ಅಧಿಕಾರ ಯಾರ ಕೈಗೂ ಹೊಸದಾಗಿ ಹೋಗುವುದಿಲ್ಲ. ಸದಸ್ಯರು ಆರಿಸಿದ ಡೀಕನ್ನರು, ಅಂದರೆ ಕನ್ನಡ ಬೈಬಲ್ಲಿನ ಸಭಾಸೇವಕರು, ದಿನನಿತ್ಯದ ಹೊಣೆ ಹೊರುತ್ತಾರೆ. ಹೊರಗಿನ ಅನುಭವಿಯೊಬ್ಬರನ್ನು, ಹೆಚ್ಚಾಗಿ ನೆರೆಯ ಸಭೆಯ ಪಾಲಕರನ್ನು, ಮಾಡರೇಟರ್ ಆಗಿ ಕರೆಯುತ್ತಾರೆ. ಅವರು ಕೂಟ ನಡೆಸುತ್ತಾರೆ, ಬುದ್ಧಿ ಹೇಳುತ್ತಾರೆ, ತೀರ್ಮಾನ ಮಾತ್ರ ಸದಸ್ಯರಿಗೇ ಬಿಡುತ್ತಾರೆ. ಯಾವ ಭಾನುವಾರ ಯಾರ ಪ್ರಸಂಗ ಎಂಬ ಪಟ್ಟಿ ಒಬ್ಬರ ಕೈಯಲ್ಲಿರುತ್ತದೆ. ಹೊಸ ಪಾಲಕರ ಹುಡುಕಾಟದಲ್ಲಿ ಬ್ಯಾಪ್ಟಿಸ್ಟ್ ಸಭೆಗಳ ಪ್ರಾದೇಶಿಕ ಸಂಘ ಹೆಸರುಗಳನ್ನು ಸೂಚಿಸಬಹುದು, ಹೇರುವಂತಿಲ್ಲ. ಬಂದವರು ಪ್ರಸಂಗ ಮಾಡಿ, ಸದಸ್ಯರ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಅವರ ಮತಕ್ಕೆ ಕಾಯುತ್ತಾರೆ.

ಇದು ಪಾಲಕರ ಕೊರತೆಗೆ ಈಚೆಗೆ ಹೊಲಿದ ತೇಪೆಯಲ್ಲ. ಇಂಗ್ಲಿಷ್ ನೆಲದ ಮೊದಲ ಬ್ಯಾಪ್ಟಿಸ್ಟ್ ಸಭೆಯನ್ನು 1612ರ ಸುಮಾರಿಗೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಕಟ್ಟಿದ ಥಾಮಸ್ ಹೆಲ್ವಿಸ್, ಧರ್ಮಸ್ವಾತಂತ್ರ್ಯ ಬೇಡಿ ಬರೆದದ್ದಕ್ಕಾಗಿ ನ್ಯೂಗೇಟ್ ಸೆರೆಮನೆ ಸೇರಿದರು. 1616ರ ಹೊತ್ತಿಗೆ ತೀರಿಕೊಂಡರು. ಅವರ ಬಳಿಕ ಮುಂದಾಳಾದ ಜಾನ್ ಮರ್ಟನ್ ಕೂಡ ಸೆರೆವಾಸ ಕಂಡವರೇ. ಸಭೆ ಉಳಿಯಿತು. 1644ರಲ್ಲಿ ಲಂಡನ್ನಿನ ಏಳು ಸಭೆಗಳು ಒಟ್ಟಾಗಿ ಹೊರಡಿಸಿದ ವಿಶ್ವಾಸ ಪತ್ರ, ದೀಕ್ಷಾಸ್ನಾನ ಕೊಡುವವರು ಸುವಾರ್ತೆ ಸಾರುವ ಶಿಷ್ಯರಾಗಿದ್ದರೆ ಸಾಕು, ಅದನ್ನು ಒಂದು ಹುದ್ದೆಗೆ ಕಟ್ಟಿಹಾಕಿಲ್ಲ ಎಂದು ಸಾರಿತು. ಪಾಲಕರನ್ನು ಯಾವ ರಾತ್ರಿ ಬೇಕಾದರೂ ಹಿಡಿದೊಯ್ಯಬಹುದಾದ ಕಾಲದಲ್ಲಿ ಆ ಮಾತಿಗಿದ್ದ ತೂಕ ಊಹಿಸಿಕೊಳ್ಳಬಹುದು. ಕನ್ನಡಕ್ಕೂ ಈ ಕಥೆಯ ಒಂದು ಎಳೆ ತಾಗಿದೆ. 1817ರಲ್ಲಿ ಸೆರಾಂಪುರದಿಂದ ಕನ್ನಡ ವ್ಯಾಕರಣವೊಂದನ್ನು ಹೊರತಂದ ವಿಲಿಯಂ ಕೇರಿ ಮೊದಲು ಲೆಸ್ಟರ್ ಪಟ್ಟಣದ ಹಾರ್ವೆ ಲೇನ್ ಬ್ಯಾಪ್ಟಿಸ್ಟ್ ಸಭೆಯ ಪಾಲಕರು. 1793ರಲ್ಲಿ ಅವರು ಬಂಗಾಳಕ್ಕೆ ಹೊರಟಾಗ ಆ ಸಭೆ ತನ್ನ ಪೀಠ ತೆರವಾಗುವುದೆಂದು ತಿಳಿದೇ ಅವರನ್ನು ಬೀಳ್ಕೊಟ್ಟಿತು. ಆ ವ್ಯಾಕರಣ ಓದಿದವರು ಆ ಸದಸ್ಯರನ್ನೂ ಒಮ್ಮೆ ನೆನೆಯಬೇಕು ಅನಿಸುತ್ತದೆ.

ಆಕ್ಷೇಪಗಳಿವೆ, ಹಗುರವಾದವಲ್ಲ. ತರಬೇತಿಯಿಲ್ಲದವರ ಪ್ರಸಂಗ ಸಪ್ಪೆಯಾಗದೇ ಎಂಬುದು ಮೊದಲನೆಯದು. ಇದಕ್ಕೆ ಎಲ್ಲರೂ ತೆಗೆಯುವ ಉದಾಹರಣೆ ಮುಂದೆ ಹೆಸರಾಂತ ಬ್ಯಾಪ್ಟಿಸ್ಟ್ ಪ್ರಸಂಗಿಯಾದ ಚಾರ್ಲ್ಸ್ ಸ್ಪರ್ಜನ್‌ರದು: 1850ರ ಜನವರಿಯಲ್ಲಿ ಕಾಲ್ಚೆಸ್ಟರಿನ ಪುಟ್ಟ ಮೆಥೊಡಿಸ್ಟ್ ಪ್ರಾರ್ಥನಾಲಯಕ್ಕೆ ಹಿಮ ಸುರಿದು ಪಾಲಕರು ಬರಲಾಗದಿದ್ದಾಗ, ಹೆಚ್ಚು ಓದಿಲ್ಲದ ಒಬ್ಬರು ಎದ್ದು ನಿಂತು ಮಾಡಿದ ಪ್ರಸಂಗವೇ ಹದಿನೈದರ ಆ ಹುಡುಗನ ಬಾಳು ತಿರುಗಿಸಿತು. ಮನ ಮುಟ್ಟುವ ಘಟನೆ, ಆದರೆ ಒಂದು ಹಿಮದ ಬೆಳಗನ್ನು ಆಧಾರವಾಗಿಟ್ಟು ಐವತ್ತೆರಡು ಭಾನುವಾರಗಳ ವ್ಯವಸ್ಥೆ ಕಟ್ಟಲಾಗದು. ನಿಜವಾದ ತೊಡಕು ಜಾಣ್ಮೆಯದ್ದಲ್ಲ, ಎಳೆ ತಪ್ಪುವುದರದು. ವಾರಕ್ಕೊಬ್ಬ ಅತಿಥಿ ತನಗೆ ರೂಢಿಯಾದ ವಾಕ್ಯ ಹಿಡಿದು ಬಂದರೆ ಸಭೆಗೆ ಸಿಗುವುದು ಚೂರುಪಾರು. ಇದಕ್ಕೆ ಮದ್ದು ಸಭೆಯ ಕೈಯಲ್ಲೇ ಇದೆ. ಮುಂದಿನ ಮೂರು ತಿಂಗಳು ಮಾರ್ಕನ ಸುವಾರ್ತೆ ಎಂದು ಸದಸ್ಯರೇ ಗೊತ್ತುಮಾಡಿ, ಬರುವವರಿಗೆ ಅಧ್ಯಾಯ ಹಂಚಬಹುದು. ತಿಂಗಳಿಗೊಂದೆರಡು ಭಾನುವಾರ ತಮ್ಮವರಿಗೇ ಮೀಸಲಿಡಬಹುದು. ಪ್ರಾರ್ಥನೆ ನಡೆಸಲು ಅಂಜುವವರಿಗೆ ಬ್ರಿಟನ್ನಿನ ಬ್ಯಾಪ್ಟಿಸ್ಟ್ ಯೂನಿಯನ್ 2005ರಲ್ಲಿ ಹೊರತಂದ ‘ಗ್ಯಾದರಿಂಗ್ ಫಾರ್ ವರ್ಷಿಪ್’ ಪುಸ್ತಕ ಆರಾಧನೆಯ ಮಾದರಿಗಳನ್ನು ಕೊಡುತ್ತದೆ. ಅಚ್ಚಾದ ಪ್ರಸಂಗವನ್ನು ಓದುವುದೂ ಅವಮಾನವಲ್ಲ. 1855ರಿಂದ 1917ರವರೆಗೆ ವಾರವಾರ ಅಚ್ಚಾಗುತ್ತಿದ್ದ ಸ್ಪರ್ಜನ್‌ರ ಪ್ರಸಂಗಗಳನ್ನು ಪಾಲಕರಿಲ್ಲದ ಎಷ್ಟೋ ಹಳ್ಳಿಯ ಸಭೆಗಳಲ್ಲಿ ಯಾರಾದರೊಬ್ಬರು ಎದ್ದು ಓದುತ್ತಿದ್ದರು.

ಇದಕ್ಕಿಂತ ಭಾರವಾದ ಆಕ್ಷೇಪ ಅಧಿಕಾರದ್ದು. ಪಾಲಕರಿಲ್ಲದಾಗ ಹಳೆಯ ಒಂದು ಮನೆತನವೋ ಗಟ್ಟಿ ಗಂಟಲಿನ ಒಬ್ಬ ಡೀಕನ್ನರೋ ಸಭೆಯನ್ನು ಸ್ವಂತ ಆಸ್ತಿಯಂತೆ ನಡೆಸತೊಡಗಿದರೆ? ಆಗುವ ಸಂಗತಿಯೇ ಇದು, ಮುಚ್ಚಿಡಬಾರದು. ಮಾಡರೇಟರ್ ಹೊರಗಿನವರಾಗಿರಬೇಕು ಎಂಬುದರ ಕಾರಣ ಇಲ್ಲಿದೆ. ಕೂಟ ತಪ್ಪದೆ ಸೇರುವುದು, ಲೆಕ್ಕ ಎಲ್ಲರ ಮುಂದೆ ಬರುವುದು, ಡೀಕನ್ನರ ಅವಧಿ ಮುಗಿದಾಗ ಚುನಾವಣೆ ಮುಂದೂಡದಿರುವುದು ತೆರವಿನ ಕಾಲದಲ್ಲಿ ಆರಾಧನೆಯಷ್ಟೇ ಪವಿತ್ರ ಕೆಲಸ ಎಂದು ನಾನು ನಂಬಿದ್ದೇನೆ. ಆರೈಕೆಯ ಪ್ರಶ್ನೆಯೂ ಉಂಟು. ಆಸ್ಪತ್ರೆಯಲ್ಲಿ ಮಲಗಿದವರು, ಸಾವಾದ ಮನೆಯವರು ಮುಂದಿನ ಆಯ್ಕೆಗಾಗಿ ಕಾಯಲಾರರು. ಸದಸ್ಯರ ಮನೆಗಳನ್ನು ಹಂಚಿಕೊಂಡು ತಿರುಗುವ ನಾಲ್ಕು ಜನರಿದ್ದರೆ ಒಬ್ಬ ಪಾಲಕರಿಗೆ ಸಿಗದ ಬಿಡುವು ಅವರಿಗೆ ಸಿಕ್ಕೀತು. ಕೇಳಿದ ಗುಟ್ಟು ಕಾಯುವ ಶಿಸ್ತನ್ನು ಮಾತ್ರ ಅವರು ಕಲಿಯಬೇಕು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ವಿಷಯದಲ್ಲಿ ಬ್ಯಾಪ್ಟಿಸ್ಟರ ದಾರಿ ಸುಲಭ. ಅಮೆಜಾನಿನ ಕಥೋಲಿಕ ಹಳ್ಳಿಗಳಲ್ಲಿ ಗುರುಗಳು ಬರುವತನಕ, ಕೆಲವೆಡೆ ತಿಂಗಳುಗಟ್ಟಲೆ, ಬಲಿಪೂಜೆಯೇ ಇರುವುದಿಲ್ಲ. ಬ್ಯಾಪ್ಟಿಸ್ಟ್ ಸಭೆಯಲ್ಲಿ ಸದಸ್ಯರು ಒಪ್ಪಿದ ಡೀಕನ್ನರೊಬ್ಬರು ರೊಟ್ಟಿ ಮುರಿಯಬಹುದು.

ಹಾಗಾದರೆ ಪಾಲಕರೇಕೆ, ಸಂಬಳವೂ ಉಳಿಯಿತಲ್ಲ ಎನ್ನುವವರ ಜೊತೆ ನಾನಿಲ್ಲ. ಬ್ರಿಟನ್ನಿನ ಕ್ವೇಕರರಂತೆ ಪಾಲಕರೇ ಬೇಡವೆಂದವರಲ್ಲ ಬ್ಯಾಪ್ಟಿಸ್ಟರು. ದಿನವಿಡೀ ವಾಕ್ಯಕ್ಕೂ ಜನಕ್ಕೂ ಮೀಸಲಾದ ಒಬ್ಬರಿರುವುದು ವರವೆಂದು ಕಂಡವರು. ಆ ವರವನ್ನು ಗುರುತಿಸಲು ಎಚ್ಚರವಿರುವ ಸಭೆ ಬೇಕು. ಲಂಡನ್ನಿನ ನ್ಯೂ ಪಾರ್ಕ್ ಸ್ಟ್ರೀಟ್ ಸಭೆ ಇದಕ್ಕೆ ಸಾಕ್ಷಿ. ಸುಮಾರು 1,200 ಆಸನಗಳ ಆ ಪ್ರಾರ್ಥನಾಲಯಕ್ಕೆ 1853ರಲ್ಲಿ ಬರುತ್ತಿದ್ದವರು ಇನ್ನೂರರ ಆಸುಪಾಸು, ಪೀಠ ಖಾಲಿ. ಅಲ್ಲಿನ ಡೀಕನ್ನರು ವಾಟರ್‌ಬೀಚ್ ಹಳ್ಳಿಯ ಹತ್ತೊಂಬತ್ತರ ಪಾಲಕನನ್ನು ಡಿಸೆಂಬರಿನ ಒಂದು ಭಾನುವಾರಕ್ಕೆ ಕರೆಸಿದರು. ಕೇಳಿದ ಸದಸ್ಯರು ಮತ್ತೆ ಮತ್ತೆ ಕರೆಸಿ, 1854ರ ಏಪ್ರಿಲಿನಲ್ಲಿ ಅವನನ್ನೇ ಆರಿಸಿಕೊಂಡರು. ಅವನೇ ಸ್ಪರ್ಜನ್. ಅದೇ ಸಭೆ ಮೆಟ್ರೊಪಾಲಿಟನ್ ಟ್ಯಾಬರ್ನಕಲ್ ಎಂದು ಸಾವಿರಾರು ಜನರ ಸಭೆಯಾಗಿ ಬೆಳೆದ ಮೇಲೆ, 1892ರ ಜನವರಿ 31ರಂದು ಸ್ಪರ್ಜನ್ ತೀರಿಕೊಂಡಾಗ, ತೆರವು ಸುಲಭವಾಗಲಿಲ್ಲ. ಪೀಠ ನಡೆಸುತ್ತಿದ್ದ ಅಮೆರಿಕದ ಪ್ರೆಸ್ಬಿಟೇರಿಯನ್ ಆರ್ಥರ್ ಪಿಯರ್ಸನ್ ಕಡೆ ಕೆಲವರು, ಸ್ಪರ್ಜನ್‌ರ ಮಗ ಥಾಮಸ್ ಕಡೆ ಕೆಲವರು. 1894ರಲ್ಲಿ ಥಾಮಸ್ ಪಾಲಕರಾಗುವತನಕ ಮನಸ್ತಾಪ ಎಳೆದಾಡಿತು. ಒಂದೇ ದನಿಗೆ ಮೂವತ್ತೆಂಟು ವರ್ಷ ಕಿವಿಯಾದ ಸಭೆಗೆ ತನ್ನ ದನಿ ಹುಡುಕಿಕೊಳ್ಳುವುದು ಕಷ್ಟವಾಯಿತೆಂದು ನಾನು ಓದಿಕೊಳ್ಳುತ್ತೇನೆ.

ಹೀಗೆ ಒಂದೇ ದನಿಗೆ ಕಟ್ಟುಬೀಳದ ರೂಢಿಯೂ ಇದೆ. ಮಿಜೋರಾಮಿನ ಬ್ಯಾಪ್ಟಿಸ್ಟರಲ್ಲಿ ಒಬ್ಬ ಪಾಲಕರಿಗೆ ಹಲವು ಊರುಗಳ ಸಭೆಗಳು ಸೇರಿರುತ್ತವೆ. ಹೆಚ್ಚಿನ ಭಾನುವಾರ ಪೀಠ ಹತ್ತುವವರು ಹಿರಿಯರು ಮತ್ತು ಸದಸ್ಯರು. ಪಾಲಕರು ವರ್ಗವಾಗಿ ಹೋದ ತಿಂಗಳಲ್ಲೂ ಅಲ್ಲಿನ ಭಾನುವಾರ ಅಷ್ಟಾಗಿ ಅಲುಗುವುದಿಲ್ಲ. ಇಂಗ್ಲೆಂಡಿನ ಸಭೆಗಳಲ್ಲೋ ಹೊಸ ಪಾಲಕರ ನೇಮಕದ ಆರಾಧನೆ ಮುಗಿದ ಮರುದಿನವೇ ಪ್ರಸಂಗಗಳ ಪಟ್ಟಿ ಕಪಾಟು ಸೇರುತ್ತದೆ, ಮನೆ ಮನೆ ತಿರುಗುತ್ತಿದ್ದವರು ತಮ್ಮ ಡೈರಿಯನ್ನು ಪಾಲಕರ ಮೇಜಿನ ಮೇಲಿಟ್ಟು ನಿಟ್ಟುಸಿರು ಬಿಡುತ್ತಾರೆ. ಆ ಪಟ್ಟಿ ಕಪಾಟು ಸೇರುವ ಮುನ್ನ, ಪಾಲಕರನ್ನು ಕೂರಿಸಿಕೊಂಡೇ ಸದಸ್ಯರ ಕೂಟ ಸೇರಲಿ. ಪ್ರತಿ ತಿಂಗಳ ಕೊನೆಯ ಭಾನುವಾರ ಸದಸ್ಯರದ್ದು, ಆ ದಿನ ಪಾಲಕರು ಜನರ ಸಾಲಿನಲ್ಲಿ ಕುಳಿತು ಕೇಳುವವರು ಎಂದು ನಡವಳಿ ಪುಸ್ತಕದಲ್ಲಿ ಬರೆದಿಡಲಿ.