ಗೆಲವು ಮೊದಲೇ ಗೊತ್ತಾದ ಕುಸ್ತಿ

ಕುಸ್ತಿ ಎಂದೊಡನೆ ನಮ್ಮ ಕಣ್ಣಮುಂದೆ ಮೂಡುವುದು ಗರಡಿಯ ಕೆಮ್ಮಣ್ಣು, ಮೈಗೆ ಮಣ್ಣು ತೂರಿಕೊಂಡ ಇಬ್ಬರು ಪೈಲ್ವಾನರು, ಸುತ್ತಲೂ ಉಸಿರು ಬಿಗಿಹಿಡಿದು ಕುಳಿತ ಜನಸ್ತೋಮ. ಮೈಸೂರಿನ ದಸರೆಯ ಕುಸ್ತಿಯಾಗಲಿ, ಕೊಲ್ಲಾಪುರದ ಖಾಸಬಾಗ ಮೈದಾನದ ಕುಸ್ತಿಯಾಗಲಿ, ಅಲ್ಲಿ ಯಾರು ಗೆಲ್ಲುವರೆಂಬುದು ಕೊನೆಯ ಗಳಿಗೆಯವರೆಗೂ ಯಾರಿಗೂ ತಿಳಿಯದು, ತಿಳಿಯಲೂ ಬಾರದು. ಆದರೆ ಕುಸ್ತಿಯೆಂಬ ಇದೇ ಹೆಸರಿನಿಂದ ನಡೆಯುವ ಇನ್ನೊಂದು ಆಟವೂ ಲೋಕದಲ್ಲಿ ಉಂಟು. ಅದರಲ್ಲಿ ಯಾರು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಎಂಬುದು ಜಟ್ಟಿಗಳು ಕಣಕ್ಕಿಳಿಯುವ ಮೊದಲೇ ನಿಶ್ಚಯವಾಗಿರುತ್ತದೆ. ಟೆಲಿವಿಷನ್ನಿನಲ್ಲಿ ಅದನ್ನು ನೋಡದ ಹುಡುಗರು ನಮ್ಮಲ್ಲಿ ಕಡಮೆ. "ಅದೆಲ್ಲ ಬರಿಯ ಸುಳ್ಳು" ಎಂದು ಮನೆಯ ಹಿರಿಯರು ಹೇಳುತ್ತಾರೆ, "ಸುಳ್ಳಾದರೆ ಆ ಪೆಟ್ಟು ಬೀಳುವುದು ಹೇಗೆ?" ಎಂದು ಕಿರಿಯರು ಕೇಳುತ್ತಾರೆ. ಈ ವಾದದಲ್ಲಿ ಎರಡು ಪಕ್ಷದವರ ಬಳಿಯೂ ಅರ್ಧ ಸತ್ಯವಷ್ಟೇ ಇದೆ. ಮಿಕ್ಕ ಅರ್ಧವನ್ನು ಅರಿಯಬೇಕಾದರೆ ಕೋಟಿಗಟ್ಟಲೆ ಹಣದ ದೊಡ್ಡ ಕಂಪನಿಗಳ ಆಟವನ್ನು ಬದಿಗಿಟ್ಟು, ಅಮೆರಿಕದ ಊರುಕೇರಿಗಳಲ್ಲಿ ಸಣ್ಣ ಮಂಡಳಿಗಳು ನಡೆಸುವ 'ಇಂಡಿಪೆಂಡೆಂಟ್' ಕುಸ್ತಿಯನ್ನು, ಎಂದರೆ ಸ್ವತಂತ್ರ ಕುಸ್ತಿಯನ್ನು, ನೋಡುವುದು ಮೇಲು.

ಇಂಥ ಆಟಕ್ಕೆ ಭವ್ಯವಾದ ಕ್ರೀಡಾಂಗಣ ಬೇಕಿಲ್ಲ. ಶಾಲೆಯ ವ್ಯಾಯಾಮಶಾಲೆ, ಇಗರ್ಜಿಯ ಸಭಾಗೃಹ, ನಿವೃತ್ತ ಸೈನಿಕರ ಸಂಘದ ಮನೆ, ಹಳೆಯ ಗೋದಾಮು, ಯಾವುದಾದರೂ ಸಾಕು. ಫಿಲಡೆಲ್ಫಿಯಾ ನಗರದ ದಕ್ಷಿಣ ಭಾಗದಲ್ಲಿ ಹೆದ್ದಾರಿಯ ಮಗ್ಗುಲಲ್ಲಿರುವ ಒಂದು ಗೋದಾಮು ಈ ಲೋಕದಲ್ಲಿ ಬಹಳ ಪ್ರಸಿದ್ಧವಾದುದು. ಜನರು ಅಲ್ಲಿ ಬಿಂಗೊ ಆಡುತ್ತಿದ್ದರು. 1993ರಿಂದ ಇ.ಸಿ.ಡಬ್ಲ್ಯು. ಎಂಬ ಮಂಡಳಿಯು ಅದೇ ಕಟ್ಟಡದಲ್ಲಿ ಕುಸ್ತಿಯನ್ನು ನಡೆಸತೊಡಗಿತು. 2001ರಲ್ಲಿ ಆ ಮಂಡಳಿ ದಿವಾಳಿಯೆದ್ದಿತು. ಆದರೂ ಕಟ್ಟಡದ ಕೀರ್ತಿ ಅಳಿಯಲಿಲ್ಲ. ಮರುವರ್ಷ, 2002ರ ಫೆಬ್ರವರಿಯಲ್ಲಿ, ಅದೇ ನಗರದಲ್ಲಿ 'ರಿಂಗ್ ಆಫ್ ಆನರ್' ಎಂಬ ಮತ್ತೊಂದು ಮಂಡಳಿ ತನ್ನ ಮೊದಲ ಆಟವನ್ನು ಆಡಿತು. ಕುಸ್ತಿಗೆ ಮೊದಲು ಎದುರಾಳಿಗಳು ಪರಸ್ಪರ ಕೈಕುಲುಕಬೇಕೆಂಬ ಸಂಪ್ರದಾಯವನ್ನು ಅದು ಇಟ್ಟುಕೊಂಡಿತ್ತು. ಕೈ ನೀಡಿದವನಿಗೆ ಕೈಕೊಡದೆ ನಿಂತವನು ದುಷ್ಟನೆಂದು ನೋಡುವವರು ಆ ಕ್ಷಣದಲ್ಲೇ ಅರಿಯುತ್ತಿದ್ದರು.

ಆಟದ ದಿನ ಬೇಗನೆ ಹೋದವನಿಗೆ ಮೊದಲು ಕಾಣುವುದು ಕಣ ಕಟ್ಟುವ ಕೆಲಸ. ಉಕ್ಕಿನ ತೊಲೆಗಳ ಮೇಲೆ ಮರದ ಹಲಗೆಗಳು, ಹಲಗೆಯ ಮೇಲೆ ತೆಳುವಾದ ಮೆತ್ತೆ, ಅದರ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಕ್ಯಾನ್‌ವಾಸ್ ಬಟ್ಟೆ. ನಾಲ್ಕು ಮೂಲೆಗೆ ನಾಲ್ಕು ಕಂಬ, ಕಂಬದಿಂದ ಕಂಬಕ್ಕೆ ಮೂರು ಸುತ್ತು ಹಗ್ಗ. ಕಣದ ಒಂದು ಬದಿಯ ಉದ್ದ ಸಾಮಾನ್ಯವಾಗಿ 16ರಿಂದ 20 ಅಡಿ. ಕೆಳಗೆ ಟೊಳ್ಳಾಗಿರುವುದರಿಂದ ಆಳು ಬಿದ್ದಾಗ ಹಲಗೆಗಳು ಸ್ವಲ್ಪ ಬಾಗಿ, ಮದ್ದಳೆ ಬಡಿದಂತೆ ದೊಡ್ಡ ಸದ್ದಾಗುತ್ತದೆ. ಬಾಗುವುದರಿಂದ ಪೆಟ್ಟಿನ ಬಿರುಸು ತಗ್ಗುತ್ತದೆ; ಸದ್ದಿನಿಂದ ನೋಡುವವರ ಎದೆ ನಡುಗುತ್ತದೆ. ಆದರೆ ಮೆತ್ತೆ ಮೃದುವಾದ ಹಾಸಿಗೆಯಲ್ಲ. ಕೆಳಗಿರುವುದು ಮರ, ಮರದ ಕೆಳಗೆ ಉಕ್ಕು. ಈ ಕಣವನ್ನು ಕಟ್ಟಿ ಬಿಚ್ಚುವ ಕೆಲಸದಲ್ಲಿ ಕುಸ್ತಿ ಕಲಿಯುತ್ತಿರುವ ತರುಣರೇ ಅನೇಕ ವೇಳೆ ಹೆಗಲು ಕೊಡುತ್ತಾರೆ. ನಮ್ಮ ಗರಡಿಯಲ್ಲಿ ಶಿಷ್ಯರು ಮಣ್ಣು ಅಗೆದು ಹದಗೊಳಿಸುವಂತೆಯೇ ಇದು.

ಬಾಗಿಲ ಬಳಿ ಮೇಜುಗಳ ಸಾಲು. ಅಲ್ಲಿ ಅಂಗಿ, ಭಾವಚಿತ್ರ ಮೊದಲಾದುವನ್ನು ಮಾರುತ್ತ ನಿಂತವರು ಅಂಗಡಿಯವರಲ್ಲ, ಆ ದಿನ ಆಡಲಿರುವ ಜಟ್ಟಿಗಳೇ. ದೊಡ್ಡ ಕಂಪನಿಯ ಮಲ್ಲನನ್ನು ದೂರದಿಂದ ನೋಡಬಹುದಷ್ಟೆ. ಇಲ್ಲಿ ಅವನೊಡನೆ ಮಾತನಾಡಬಹುದು, ಕೈಕುಲುಕಬಹುದು. ಸ್ವತಂತ್ರ ಜಟ್ಟಿಗೆ ಸಾಮಾನ್ಯವಾಗಿ ತಿಂಗಳ ಸಂಬಳವಿಲ್ಲ. ಒಂದೊಂದು ಆಟಕ್ಕೆ ಇಷ್ಟೆಂದು ಸಿಕ್ಕಿದ ಹಣವೇ ಗತಿ. ನೂರಾರು ಮೈಲಿ ಕಾರಿನಲ್ಲಿ ಬಂದು, ಆಡಿ, ಅದೇ ರಾತ್ರಿ ಮರಳುವವರೂ ಉಂಟು. ಹಲವರು ಹಗಲು ಬೇರೊಂದು ಉದ್ಯೋಗ ಮಾಡುತ್ತಾರೆ. ಮೇಜಿನ ಮೇಲಿನ ಒಂದು ಅಂಗಿ ಮಾರಿ ಹೋದರೆ ದಾರಿಖರ್ಚಿಗೆ ಆಧಾರವಾಗುತ್ತದೆ.

ಆಟದ ಕ್ರಮ ಹೀಗಿರುತ್ತದೆ. ಸಂಜೆಯಲ್ಲಿ ಆರೆಂಟು ಕುಸ್ತಿಗಳು, ನಡುವೆ ವಿರಾಮ. ಯಾರು ಯಾರೊಡನೆ ಆಡಬೇಕು, ಯಾರಿಗೆ ಜಯ ಎಂಬುದನ್ನು 'ಬುಕರ್' ಎಂಬ ಸೂತ್ರಧಾರನು ಗೊತ್ತುಮಾಡುತ್ತಾನೆ. ಸಜ್ಜನ ಪಾತ್ರಕ್ಕೆ 'ಬೇಬಿಫೇಸ್' ಎಂದೂ ದುರ್ಜನ ಪಾತ್ರಕ್ಕೆ 'ಹೀಲ್' ಎಂದೂ ಅವರ ಪರಿಭಾಷೆ. ಮೊದಲು ಸಜ್ಜನನ ಕೈ ಮೇಲಾಗುತ್ತದೆ. ಬಳಿಕ ದುರ್ಜನನು ಮೋಸದಿಂದ ಅವನನ್ನು ಕೆಡವಿ ಬಹಳ ಹೊತ್ತು ಹಿಂಸಿಸುತ್ತಾನೆ. ನೋಡುವವರ ಸಹನೆ ಮೀರಿದಾಗ ಸಜ್ಜನನು ಜನರ ಕೂಗಿನಿಂದ ಬಲ ಪಡೆದವನಂತೆ ಎದ್ದು ನಿಲ್ಲುತ್ತಾನೆ. ಕೊನೆಗೆ ನ್ಯಾಯವೋ ಅನ್ಯಾಯವೋ ಒಂದು ಗೆಲ್ಲುತ್ತದೆ. ಅನ್ಯಾಯ ಗೆದ್ದರೆ ಮುಂದಿನ ತಿಂಗಳೂ ಜನ ಬರುತ್ತಾರೆ!

ಹೀಗಿದ್ದರೂ ಪ್ರತಿಯೊಂದು ಪಟ್ಟನ್ನೂ ಮೊದಲೇ ಬರೆದಿಡುವುದು ಕಡಮೆ. ಮುಖ್ಯ ಘಟ್ಟಗಳನ್ನು ಗೊತ್ತುಮಾಡಿಕೊಂಡು, ಉಳಿದುದನ್ನು ಕಣದಲ್ಲಿಯೇ ಕಿವಿಮಾತಿನಿಂದ ಹೊಂದಿಸಿಕೊಳ್ಳುತ್ತಾರೆ. ಪರಿಚಯವಿಲ್ಲದ ಇಬ್ಬರು ಜಟ್ಟಿಗಳೂ ಹೀಗೆ ಆಡಬಲ್ಲರು. ಏಕೆಂದರೆ ಅವರ ನಡುವೆ ಒಂದು ಸಮಾನವಾದ ವ್ಯಾಕರಣವಿದೆ. ಉದಾಹರಣೆಗೆ, ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಎದುರಾಳಿಯ ಎಡಗೈ, ಎಡಗಾಲುಗಳನ್ನು ಹಿಡಿಯುವುದು ವಾಡಿಕೆ. ಮೆಕ್ಸಿಕೋ ದೇಶದಲ್ಲಿ ಬಲಭಾಗವನ್ನು ಹಿಡಿಯುತ್ತಾರೆ. ತೀರ್ಪುಗಾರನು ಇಬ್ಬರ ನಡುವೆ ಸಂದೇಶವಾಹಕನೂ ಹೌದು. ನಿಜವಾದ ಗಾಯವಾದರೆ ಅವನು ಎರಡು ಮುಂಗೈಗಳನ್ನು ಕತ್ತರಿಯಂತೆ ಅಡ್ಡಲಾಗಿ ಮೇಲೆತ್ತಿ ತೋರಿಸುತ್ತಾನೆ. ಆಗ ಆಟ ನಿಲ್ಲಬೇಕು.

ಈ ರೀತಿಯನ್ನು ನಮ್ಮ ಮಕ್ಕಳು ಅರಿಯಲು ಬಲುದೂರ ಹೋಗಬೇಕಾಗಿಲ್ಲ. ಈ ನಗರದ ಸಭಾಗೃಹಗಳಿಗೆ ಕರಾವಳಿಯ ಮೇಳಗಳು ಬಂದಾಗ ನಾವು ಯಕ್ಷಗಾನವನ್ನು ನೋಡುತ್ತೇವಲ್ಲವೆ? ಕೀಚಕನು ಭೀಮನ ಕೈಯಲ್ಲಿ ಸಾಯುವನೆಂದು ಎಲ್ಲರೂ ಬಲ್ಲರು. ಆದರೂ ಕೀಚಕನ ಅಟ್ಟಹಾಸಕ್ಕೆ ನಮ್ಮ ಮೈ ಉರಿಯುತ್ತದೆ. ಪ್ರಸಂಗದ ಪದ್ಯಗಳು ಗೊತ್ತಾದುವು. ಆದರೆ ಅರ್ಥವನ್ನು ವೇಷಧಾರಿಗಳು ರಂಗದಲ್ಲೇ ಕಟ್ಟಿ ಹೇಳುತ್ತಾರೆ. ದೇವೀಮಹಾತ್ಮೆಯ ಮಹಿಷಾಸುರನು ದೀವಟಿಗೆಗಳ ನಡುವೆ ಜನರ ಮಧ್ಯದಿಂದಲೇ ಅಬ್ಬರಿಸುತ್ತ ಬರುವಾಗ ಹೆದರದ ಮಗುವುಂಟೆ? ವೇಷ ಕಳಚಿದ ಮೇಲೆ ಅವನು ಸಾಧುಮನುಷ್ಯನೆಂದು ತಿಳಿದವರೂ ಬೆಚ್ಚುತ್ತಾರೆ. ಅದನ್ನು ಯಾರೂ ಸುಳ್ಳೆನ್ನುವುದಿಲ್ಲ, ಆಟ ಎನ್ನುತ್ತಾರೆ. ಫ್ರಾನ್ಸಿನ ವಿಮರ್ಶಕ ರೊಲಾಂ ಬಾರ್ತ್ 1957ರಲ್ಲಿ ಪ್ರಕಟಿಸಿದ 'ಮಿಥಾಲಜೀಸ್' ಎಂಬ ಪುಸ್ತಕದ ಮೊದಲ ಪ್ರಬಂಧವೇ ಈ ಬಗೆಯ ಕುಸ್ತಿಯನ್ನು ಕುರಿತದ್ದು. ಇದು ಕ್ರೀಡೆಯಲ್ಲ, ದೃಶ್ಯ. ನೋಡುವವನು ಇಲ್ಲಿ ಅರಸುವುದು ಗೆಲವನ್ನಲ್ಲ, ನೋವು ಮತ್ತು ನ್ಯಾಯಗಳ ಸ್ಪಷ್ಟವಾದ ರೂಪವನ್ನು ಎಂಬುದು ಅವನ ಅಭಿಪ್ರಾಯ. ನಮ್ಮವರಿಗೂ ಈ ದೃಷ್ಟಿ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಕಾಳಗವನ್ನು ಅರಸನ ವಿನೋದಗಳ ಸಾಲಿನಲ್ಲಿಯೇ ಹೇಳಿದೆ.

ಹಾಗಾದರೆ ಹಿರಿಯರು ಇದನ್ನು ಸುಳ್ಳೆಂದು ಜರೆಯಲು ಕಾರಣವೇನು? ಕಾರಣವುಂಟು. ಯಕ್ಷಗಾನದವರು ತಮ್ಮದು ಆಟವೆಂದು ಎಂದೂ ಮರೆಮಾಡಲಿಲ್ಲ. ಈ ಕುಸ್ತಿಯವರು ಬಹುಕಾಲ ಮರೆಮಾಡಿದರು. ಆ ಗುಟ್ಟಿಗೆ 'ಕೇಫೇಬ್' ಎಂದು ಹೆಸರು. 1989ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಶಾಸನಸಭೆಯ ಮುಂದೆ, ಕ್ರೀಡೆಗಳ ಮೇಲಿನ ಸರಕಾರಿ ಅಂಕೆಯಿಂದ ಬಿಡುಗಡೆ ಪಡೆಯುವುದಕ್ಕಾಗಿ, ಆ ದೇಶದ ಅತಿ ದೊಡ್ಡ ಕುಸ್ತಿ ಕಂಪನಿಯೇ ಇದು ಮನರಂಜನೆಯೆಂದು ಒಪ್ಪಿಕೊಂಡಿತು. ಅಂದಿನಿಂದ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ.

ಒಪ್ಪಂದವೇ ಈ ಆಟದ ಪ್ರಾಣ ಎಂಬುದಕ್ಕೆ ಹಳೆಯದೊಂದು ಸಂಗತಿ ಸಾಕ್ಷಿಯಾಗಿದೆ. 1920ರ ದಶಕದಲ್ಲಿ ಎಡ್ 'ಸ್ಟ್ರಾಂಗ್ಲರ್' ಲೂಯಿಸ್, ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಮೂವರು ಅಮೆರಿಕದ ಕುಸ್ತಿಯನ್ನು ಕೈಯಲ್ಲಿ ಹಿಡಿದಿದ್ದರು. ಅವರು 1925ರ ಜನವರಿಯಲ್ಲಿ ವೇನ್ ಮನ್ ಎಂಬ ಫುಟ್‌ಬಾಲ್ ಆಟಗಾರನನ್ನು ಜಗಜ್ಜಟ್ಟಿಯನ್ನಾಗಿ ಮಾಡಿದರು. ಅವನದು ಪರ್ವತದಂಥ ದೇಹ. ವಿದ್ಯೆ ಮಾತ್ರ ಸಾಲದು. ಅದೇ ಏಪ್ರಿಲ್ 15ರಂದು, ಮೇಲೆ ಹೇಳಿದ ಫಿಲಡೆಲ್ಫಿಯಾದಲ್ಲಿಯೇ, ಅವನಿಗೆ ಸೋಲಬೇಕಾಗಿದ್ದವನು ಪೋಲೆಂಡಿನ ಮಹಾಮಲ್ಲ ಸ್ಟಾನಿಸ್ಲಾಸ್ ಝ್ಬಿಸ್ಕೋ. ಆದರೆ ಎದುರು ಬಣದವರೊಡನೆ ಸೇರಿಕೊಂಡಿದ್ದ ಝ್ಬಿಸ್ಕೋ ಸೋಲಲೊಪ್ಪದೆ, ನಿಜವಾಗಿಯೇ ಕುಸ್ತಿಗಿಳಿದು, ಮನ್‌ನನ್ನು ಮತ್ತೆ ಮತ್ತೆ ಕೆಡವಿ ಪಟ್ಟವನ್ನು ಕಸಿದುಕೊಂಡನು. ಕೆಲವೇ ವಾರಗಳಲ್ಲಿ ಆ ಪಟ್ಟವು ಎದುರು ಬಣದ ಜೋ ಸ್ಟೆಚರನಿಗೆ ಸಂದಿತು. ಈ ಝ್ಬಿಸ್ಕೋ ನಮಗೆ ಅಪರಿಚಿತನಲ್ಲ. 1910ರಲ್ಲಿ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನೊಡನೆ ಎರಡೂವರೆ ಗಂಟೆಗೂ ಮಿಗಿಲಾಗಿ ಸೆಣಸಿ ಸಮನಾಗಿ ಉಳಿದವನು, 1928ರಲ್ಲಿ ಪಟಿಯಾಲದಲ್ಲಿ ಅದೇ ಗಾಮಾನಿಗೆ ಒಂದು ನಿಮಿಷದೊಳಗೆ ಸೋತವನು ಇವನೇ. ಮುಂದೆ ಮುಂಬಯಿಯಲ್ಲಿಯೂ ವೃತ್ತಿಕುಸ್ತಿಗೆ ಜನ ನೆರೆಯುತ್ತಿದ್ದರು. 1968ರ ಮೇ ತಿಂಗಳಲ್ಲಿ ದಾರಾಸಿಂಗರು ಅಮೆರಿಕದ ಲೂ ಥೆಜ್ ಅವರ ಮೇಲೆ ಜಯ ಪಡೆದದ್ದು ಈ ಊರಿನಲ್ಲಿಯೇ.

ಫಿಲಡೆಲ್ಫಿಯಾದ ಆ ರಾತ್ರಿ ಹೋದದ್ದು ಪಟ್ಟ ಮಾತ್ರ. ಒಪ್ಪಂದ ಮುರಿದರೆ, ಅಥವಾ ಕೈ ತಪ್ಪಿದರೆ, ಪ್ರಾಣವೇ ಹೋಗಬಹುದು. ತಲೆಯ ಮೇಲೆ ಎತ್ತಿಸಿಕೊಂಡ ಜಟ್ಟಿ ತನ್ನ ಕೊರಳನ್ನು ಎದುರಾಳಿಯ ಕೈಗೆ ಒಪ್ಪಿಸಿರುತ್ತಾನೆ. ಗದ್ದವನ್ನು ಎದೆಗೆ ಒತ್ತಿ, ಉಸಿರನ್ನು ಹೊರಬಿಟ್ಟು, ಇಡೀ ಬೆನ್ನು ಒಮ್ಮೆಲೆ ನೆಲ ಮುಟ್ಟುವಂತೆ ಬೀಳುವುದನ್ನು ಅವನು ಬಹುಕಾಲ ಅಭ್ಯಾಸ ಮಾಡಿರುತ್ತಾನೆ. ಆದರೂ ಜಪಾನಿನ ಪ್ರಸಿದ್ಧ ಮಲ್ಲ ಮಿತ್ಸುಹಾರು ಮಿಸಾವಾ 2009ರ ಜೂನ್ ತಿಂಗಳಲ್ಲಿ ಹಿರೋಶಿಮಾದ ಕಣದಲ್ಲಿ, ಸಾವಿರಾರು ಸಲ ತಾಳಿಕೊಂಡಿದ್ದಂಥ ಒಂದು ಪಟ್ಟಿಗೆ ಸಿಕ್ಕಿ ಬಿದ್ದವನು ಮತ್ತೆ ಏಳಲಿಲ್ಲ. ಅವನು ಆ ದೇಶದ ಅತ್ಯಂತ ಅನುಭವಿ ಜಟ್ಟಿಗಳಲ್ಲಿ ಒಬ್ಬನಾಗಿದ್ದನು. 'ರಿಂಗ್ ಆಫ್ ಆನರ್'ನ ಮೊದಲ ಆಟದಲ್ಲಿ ಆಡಿದ ಬ್ರಯನ್ ಡೇನಿಯಲ್ಸನ್ ಅವರ ಕಥೆಯನ್ನೂ ಕೇಳಿ. ದೊಡ್ಡ ಕಂಪನಿಯ ಸೂತ್ರಧಾರರು ಅವರನ್ನು ಅಗ್ರಸ್ಥಾನದಿಂದ ದೂರವಿಟ್ಟಿದ್ದರು. ಜನರು ಊರೂರಿನಲ್ಲಿ ಒಕ್ಕೊರಲಿನಿಂದ ಕೂಗಿ ಕೂಗಿ ಆ ಯೋಜನೆಯನ್ನೇ ಬದಲಾಯಿಸಿದರು. 2014ರ ಏಪ್ರಿಲ್‌ನಲ್ಲಿ ಅವರು ಪಟ್ಟ ಗೆದ್ದರು. ಎರಡು ವರ್ಷ ಕಳೆಯುವುದರೊಳಗೆ ತಲೆಗೆ ಬಿದ್ದ ಪೆಟ್ಟುಗಳ ಫಲವಾಗಿ ನಿವೃತ್ತರಾಗಬೇಕಾಯಿತು. ವೈದ್ಯರ ಒಪ್ಪಿಗೆ ದೊರೆತು ಅವರು ಕಣಕ್ಕೆ ಮರಳಿದ್ದು 2018ರಲ್ಲಿ. ಗೆಲವು ಗೊತ್ತುಮಾಡಿದ್ದಿರಬಹುದು; ಪೆಟ್ಟು ಗೊತ್ತುಮಾಡಿದ್ದಲ್ಲ.

ಇದರಿಂದ ನೋಡುವವನ ಕರ್ತವ್ಯವೂ ತಿಳಿಯುತ್ತದೆ. ಕೆಲವು ನೂರು ಜನ ಕುಳಿತ ಸಣ್ಣ ಮನೆಯಲ್ಲಿ ಪ್ರತಿಯೊಬ್ಬನ ಕೂಗೂ ಕಣಕ್ಕೆ ಕೇಳುತ್ತದೆ. ದುರ್ಜನನನ್ನು ಹಳಿಯುವುದು ಅವನ ಕಲೆಗೆ ಸಲ್ಲುವ ಮನ್ನಣೆ. ಆದರೆ ಅವನ ಜಾತಿ, ಬಣ್ಣ, ದೇಶಗಳನ್ನು ಹಳಿಯುವುದು ಹೀನತನ. ಮೌನವಾಗಿ ಕೊರಳಪಟ್ಟು ಹಿಡಿದು ನಡೆಯುವ ಕುಸ್ತಿಗೆ ಚಪ್ಪಾಳೆಯಿಕ್ಕದೆ, ಎತ್ತರದಿಂದ ಧುಮುಕಿದಾಗ ಮಾತ್ರ ಅಬ್ಬರಿಸುವ ಜನರಿದ್ದರೆ, ಜಟ್ಟಿಯು ಮುಂದಿನ ಸಲ ಇನ್ನೂ ಎತ್ತರದಿಂದ ಧುಮುಕುತ್ತಾನೆ. ನೋಡುವವರು ಏನನ್ನು ಬೇಡುತ್ತಾರೋ ಅದನ್ನೇ ಆಡುವವನು ತನ್ನ ಮೂಳೆಗಳಿಂದ ತೆತ್ತು ಕೊಡುತ್ತಾನೆ.

ವಿದ್ಯಾರ್ಥಿಮಿತ್ರರೇ, ಟೆಲಿವಿಷನ್ನಿನಲ್ಲಿ ಕಂಡ ಪಟ್ಟುಗಳನ್ನು ಮನೆಯ ಮಂಚದ ಮೇಲೆ, ತರಗತಿಯ ಬೆಂಚುಗಳ ನಡುವೆ ತಮ್ಮಂದಿರ ಮೇಲೆ ಪ್ರಯೋಗಿಸುವವರು ನಮ್ಮಲ್ಲಿಲ್ಲವೆಂದು ಹೇಳಲಾರೆವು. ಬೀಳಲು ಕಲಿತವನನ್ನು ಎತ್ತುವುದು ಬೇರೆ. ಬೀಳಲು ಅರಿಯದವನನ್ನು ಎತ್ತುವುದು ಬೇರೆ. ಮೊದಲನೆಯದು ಆಟ, ಎರಡನೆಯದು ಅಪಘಾತ. ಕುಸ್ತಿಯ ಆಸೆಯುಳ್ಳವನು ಗುರುವನ್ನು ಹುಡುಕಿ ತಾಲೀಮಿಗೆ ಹೋಗಲಿ. ಮೊದಲ ದಿನ ಅವನಿಗೆ ಕಲಿಸುವುದು ಕೆಡಹುವ ವಿದ್ಯೆಯನ್ನಲ್ಲ. ಇನ್ನು ಮುಂದೆ ಮನೆಯಲ್ಲಿ ಹಿರಿಯರು "ಅದು ಸುಳ್ಳು" ಎಂದಾಗ, "ಫಲಿತಾಂಶ ಗೊತ್ತುಮಾಡಿದ್ದು, ಅಜ್ಜಾ, ಬೀಳುವುದು ಮಾತ್ರ ನಿಜ" ಎಂದು ವಿನಯದಿಂದ ಹೇಳಬಹುದು.