ಗಂಡಾಂತರ ಗರ್ಭಿಣಿಯ ಗುರುತು

ಬಸಿರಿನಲ್ಲೋ ಹೆರಿಗೆಯಲ್ಲೋ ತಾಯಿಗೆ ಅಥವಾ ಮಗುವಿಗೆ ಅಪಾಯವಾಗುವ ಲಕ್ಷಣಗಳಿದ್ದರೆ ಅಂಥವರನ್ನು ಆರೋಗ್ಯ ಇಲಾಖೆ ‘ಗಂಡಾಂತರ ಗರ್ಭಿಣಿ’ ಎಂದು ಕರೆಯುತ್ತದೆ. ಅವರನ್ನು ಗುರುತಿಸುವುದು ಸಿಬ್ಬಂದಿಯ ಇಷ್ಟಕ್ಕೆ ಬಿಟ್ಟ ಕೆಲಸವಲ್ಲ. ಹಳ್ಳಿಯ ಆಶಾ ಕಾರ್ಯಕರ್ತೆ, ಉಪಕೇಂದ್ರದ ಸಿಸ್ಟರ್, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಶಹಾಪುರ ಮತ್ತು ಸುರಪುರದ ತಾಲ್ಲೂಕು ಆಸ್ಪತ್ರೆ, ಯಾದಗಿರಿಯ ಜಿಲ್ಲಾಸ್ಪತ್ರೆ, ಹೀಗೆ ಪ್ರತಿ ಹಂತದಲ್ಲೂ ಯಾರು ಏನು ನೋಡಬೇಕೆಂಬ ಸೂಚನೆಗಳಿವೆ.

ಹನ್ನೆರಡು ವಾರದೊಳಗೆ ಹೆಸರು ನೋಂದಾಯಿಸಿ, ಮೊದಲ ತಪಾಸಣೆ ಮಾಡಿ ತಾಯಿ ಕಾರ್ಡ್ ಕೊಡಬೇಕು. ಆಮೇಲೆ 14ರಿಂದ 26, 28ರಿಂದ 34, ಕೊನೆಗೆ 36 ವಾರದ ನಂತರ, ಒಟ್ಟು ಕನಿಷ್ಠ ನಾಲ್ಕು ತಪಾಸಣೆ ಆಗಬೇಕು. ಪ್ರತಿ ಸಲವೂ ತೂಕ, ಬಿಪಿ, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ ಕಡ್ಡಾಯ. ರಕ್ತದ ಗುಂಪು, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್-ಬಿ ಪರೀಕ್ಷೆಗಳೂ ಆಗಬೇಕು. ಸಕ್ಕರೆ ಕಾಯಿಲೆ ಪತ್ತೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ; 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ. ಮೊದಲ ಭೇಟಿಯಲ್ಲಿ ಇದು ಸರಿಯಿದ್ದರೂ 24ರಿಂದ 28 ವಾರದಲ್ಲಿ ಮತ್ತೆ ಮಾಡಲೇಬೇಕು. ಮೂರನೇ ತಿಂಗಳಲ್ಲಿ ಆರೋಗ್ಯವಾಗಿದ್ದವಳಿಗೆ ಎಂಟನೇ ತಿಂಗಳಲ್ಲಿ ಬಿಪಿ ಏರಬಹುದು. ಆದ್ದರಿಂದ ಒಮ್ಮೆ ನೋಡಿ ‘ಎಲ್ಲಾ ಸರಿಯಿದೆ’ ಎಂದು ಕಳಿಸಿಬಿಡುವುದು ತಪಾಸಣೆಯೇ ಅಲ್ಲ.

ಯಾದಗಿರಿ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ರಕ್ತಹೀನತೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ. ರಕ್ತ ಸರಿಯಿರುವವರಿಗೂ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ ಕನಿಷ್ಠ 180 ದಿನ ಕೊಡಬೇಕು. ರಕ್ತ ಕಡಿಮೆಯಿದ್ದರೆ ದಿನಕ್ಕೆರಡು. ತಿಂಗಳ ನಂತರ ಮತ್ತೆ ಪರೀಕ್ಷಿಸಿದಾಗ ಒಂದು ಗ್ರಾಂ ಕೂಡ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಈ ಮರುಪರೀಕ್ಷೆಯೇ ಹಲವು ಸಲ ತಪ್ಪಿಹೋಗುವಂಥದ್ದು. ಮಾತ್ರೆ ಹಂಚಿದ ಲೆಕ್ಕ ರಿಜಿಸ್ಟರಿನಲ್ಲಿ ಇರುತ್ತದೆ, ಅದನ್ನು ನುಂಗಿದ ಲೆಕ್ಕ ಇರುವುದಿಲ್ಲ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಬಿಟ್ಟುಬಿಡುವವರು ಬಹಳ. ಊಟವಾದ ಮೇಲೆ ನುಂಗಬಹುದು, ಚಹಾದ ಜೊತೆ ಬೇಡ, ಕಪ್ಪಾದರೆ ಹೆದರಬೇಕಿಲ್ಲ ಎಂದು ಕೂತು ಹೇಳುವುದೂ ಸಿಬ್ಬಂದಿಯ ಹೊಣೆಯೇ. ಅಕ್ಟೋಬರ್ 2017ರಿಂದ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯ ಅಂಗನವಾಡಿ ಬಿಸಿಯೂಟ ಇದಕ್ಕೆ ನೆರವಾಗುತ್ತದೆ.

ಬಿಪಿ 140/90 ದಾಟಿದವರು, ಅವಳಿ ಮಕ್ಕಳಿರುವವರು, ಹಿಂದೆ ಸಿಸೇರಿಯನ್ ಆದವರು, 140 ಸೆಂ.ಮೀ.ಗಿಂತ ಕುಳ್ಳಗಿರುವವರು, ಮಗು ಅಡ್ಡಲಾಗಿರುವವರು, ತೀರಾ ಎಳೆಯ ವಯಸ್ಸಿನವರು ಕೂಡ ಗಂಡಾಂತರ ಗರ್ಭಿಣಿಯರ ಪಟ್ಟಿಯಲ್ಲಿ ಬರುತ್ತಾರೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ರಂದು ವೈದ್ಯರೇ ಗರ್ಭಿಣಿಯರನ್ನು ನೋಡಬೇಕು. ಅಪಾಯವಿದ್ದರೆ ಕಾರ್ಡಿಗೆ ಕೆಂಪು ಸ್ಟಿಕ್ಕರ್, ಇಲ್ಲದಿದ್ದರೆ ಹಸಿರು.

ಸ್ಕ್ಯಾನಿಂಗಿಗೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಕಟ್ಟುಪಾಡಿದೆ: ಕೇಂದ್ರ ನೋಂದಾಯಿತವಾಗಿರಬೇಕು, ಪ್ರತಿ ಗರ್ಭಿಣಿಗೂ ಎಫ್ ನಮೂನೆ ಭರ್ತಿ ಮಾಡಬೇಕು, ಲಿಂಗ ಯಾವುದೆಂದು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ತಿಳಿಸುವಂತಿಲ್ಲ.

ಯಾದಗಿರಿ ಜಿಲ್ಲೆಯಿಂದ ಬಹಳಷ್ಟು ಕುಟುಂಬಗಳು ಕೂಲಿಗೆಂದು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಮೊದಲ ತಪಾಸಣೆ ಸುರಪುರದ ತಾಂಡಾದಲ್ಲಿ, ಎರಡನೆಯದು ಆಗುವುದೇ ಇಲ್ಲ, ಹೆರಿಗೆಗೆ ತವರೂರು. ಇಂಥ ಕಡೆ ತಾಯಿ ಕಾರ್ಡಿನಲ್ಲಿ ಬರೆದ ಅಂಕಿಗಳೇ ಮುಂದಿನ ವೈದ್ಯರಿಗೆ ಆಧಾರ. ಬರೀ ‘ನಾರ್ಮಲ್’ ಎಂದು ಗೀಚದೆ ಬಿಪಿ, ರಕ್ತದ ಪ್ರಮಾಣ, ಕಳಿಸಿದ ಕಾರಣ ಸ್ಪಷ್ಟವಾಗಿ ಬರೆಯಬೇಕು. ತಾಯಿ-ಮಕ್ಕಳ ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ನಲ್ಲೂ ದಾಖಲಿಸಬೇಕು. 2022ರಲ್ಲಿ ವಿಸ್ತರಿಸಿದ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಕೆಂಪು ಗುರುತಿನ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಹಿಂಬಾಲಿಸಬೇಕು, ಹೆಚ್ಚುವರಿ ಮೂರು ತಪಾಸಣೆಗೆ ಆಶಾ ಜೊತೆಗೆ ಹೋಗಬೇಕು. ಹೆರಿಗೆಯ ನಂತರವೂ ಬಿಪಿ ಏರಿ ನಂಜು ಬರಬಹುದಾದ್ದರಿಂದ 45ನೇ ದಿನದವರೆಗೆ ಈ ನಿಗಾ ಮುಂದುವರಿಯಬೇಕು.