ಓದಲು ಬರುವ ಪ್ರೋಗ್ರಾಂ: ಪೈಥಾನ್ ಭಾಷೆಯಲ್ಲಿ ಶುದ್ಧ ಬರವಣಿಗೆ

ಗಣಕಯಂತ್ರಕ್ಕೆ ನೀಡುವ ಆದೇಶಗಳ ಸರಣಿಗೆ ಪ್ರೋಗ್ರಾಂ ಎಂದು ಹೆಸರು. ಆದೇಶವು ಯಂತ್ರಕ್ಕೆ ಸಲ್ಲತಕ್ಕದ್ದಾದುದರಿಂದ ಅದು ಯಂತ್ರಕ್ಕೆ ಅರ್ಥವಾದರೆ ಸಾಕೆಂಬ ಭಾವನೆ ಹೊಸದಾಗಿ ಕಲಿಯುವವರಲ್ಲಿ ಸಾಮಾನ್ಯ. ವಸ್ತುಸ್ಥಿತಿ ಬೇರೆ. ಒಮ್ಮೆ ಬರೆದ ಪ್ರೋಗ್ರಾಮನ್ನು ವರ್ಷಗಟ್ಟಲೆ ಬೇರೆ ಬೇರೆ ಜನರು ಓದಬೇಕಾಗುತ್ತದೆ, ತಿದ್ದಬೇಕಾಗುತ್ತದೆ. ಬರೆದವರು ಅಷ್ಟರೊಳಗೆ ಬೇರೆ ಊರಿಗೋ ಬೇರೆ ಉದ್ಯೋಗಕ್ಕೋ ಹೋಗಿರುತ್ತಾರೆ. ಅವರ ಸ್ಥಾನಕ್ಕೆ ಬಂದವರಿಗೆ ಆ ಬರವಣಿಗೆಯೊಂದೇ ಆಧಾರ.

ಈ ವಿಷಯವನ್ನು ವಿವರಿಸಲು ಪೈಥಾನ್ ಎಂಬ ಭಾಷೆ ಅನುಕೂಲವಾದುದು. ಡಚ್ ಪ್ರೋಗ್ರಾಮರ್ ಗೀಡೋ ವಾನ್ ರೋಸಮ್ ಅವರು 1989ರ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧನ ಸಂಸ್ಥೆಯೊಂದರಲ್ಲಿ ಇದರ ರಚನೆಯನ್ನು ಆರಂಭಿಸಿ 1991ರಲ್ಲಿ ಹೊರತಂದರು. ನಮ್ಮ ದೇಶದಲ್ಲಿ ಸಿ.ಬಿ.ಎಸ್.ಇ. ಪಠ್ಯಕ್ರಮದ 11 ಮತ್ತು 12ನೆಯ ತರಗತಿಗಳ ಗಣಕ ವಿಜ್ಞಾನದಲ್ಲಿ ಈ ಭಾಷೆಯನ್ನೇ ಕಲಿಸಲಾಗುತ್ತಿದೆ. 2001ರಲ್ಲಿ ಈ ಭಾಷೆಗೆ ಒಂದು ಬರವಣಿಗೆಯ ಕೈಪಿಡಿಯೂ ಸಿದ್ಧವಾಯಿತು. ಪೆಪ್ 8 ಎಂದು ಪ್ರಸಿದ್ಧವಾದ ಆ ಕೈಪಿಡಿ, ಸಾಲಿನ ಉದ್ದ 79 ಅಕ್ಷರಗಳನ್ನು ಮೀರಬಾರದು, ಒಳಸರಿತಕ್ಕೆ ನಾಲ್ಕು ಅಕ್ಷರಗಳ ಜಾಗ ಬಿಡಬೇಕು ಎಂಬಂತಹ ಸೂಚನೆಗಳನ್ನು ನೀಡುತ್ತದೆ.

ಒಳಸರಿತವು ಕೇವಲ ಅಂದದ ವಿಷಯವೆಂದು ತೋರಬಹುದು. ಸಿ ಭಾಷೆಯಲ್ಲಿ ಅದು ಹಾಗೆಯೇ ಸರಿ. ಅಲ್ಲಿ ಸಾಲುಗಳ ಗುಂಪನ್ನು ಆವರಣ ಚಿಹ್ನೆಗಳು ನಿರ್ಧರಿಸುತ್ತವೆ. ಆಪಲ್ ಸಂಸ್ಥೆಯು 2014ರ ಫೆಬ್ರವರಿಯಲ್ಲಿ ಸರಿಪಡಿಸಿದ ಒಂದು ದೋಷ ಇಲ್ಲಿ ಸ್ಮರಣೀಯ. ಅಂತರಜಾಲ ಸಂಪರ್ಕದ ಸುರಕ್ಷತೆಯನ್ನು ಪರೀಕ್ಷಿಸುವ ಭಾಗದಲ್ಲಿ ಒಂದೇ ಸಾಲು ಎರಡು ಬಾರಿ ಬರೆಯಲ್ಪಟ್ಟಿತ್ತು. ಎರಡನೆಯ ಸಾಲೂ ಒಳಸರಿದಿದ್ದುದರಿಂದ ಅದು ಮೇಲಿನ ಷರತ್ತಿಗೆ ಒಳಪಟ್ಟಂತೆ ಕಣ್ಣಿಗೆ ಕಾಣುತ್ತಿತ್ತು. ಯಂತ್ರಕ್ಕೆ ಮಾತ್ರ ಅದು ಷರತ್ತಿಲ್ಲದ ಆದೇಶ. ಫಲವಾಗಿ ಸಹಿಯ ಪರಿಶೀಲನೆ ನಡೆಯದೆಯೇ ಪರೀಕ್ಷೆ ಮುಗಿದು, ಎಲ್ಲವೂ ಸರಿಯಿದೆಯೆಂಬ ಉತ್ತರ ಬರುತ್ತಿತ್ತು. ಪೈಥಾನಿನಲ್ಲಿ ಒಳಸರಿತವನ್ನು ಯಂತ್ರವೂ ಓದುತ್ತದೆಯಾದ್ದರಿಂದ ಕಣ್ಣಿಗೆ ಕಾಣುವುದಕ್ಕೂ ನಡೆಯುವುದಕ್ಕೂ ಇಂತಹ ಭೇದ ಹುಟ್ಟುವುದು ಕಠಿಣ. ಆದರೆ ಮೊತ್ತ ಕೂಡಿಸುವ ಸಾಲನ್ನು ಅಜಾಗರೂಕತೆಯಿಂದ ನಾಲ್ಕು ಅಕ್ಷರ ಹೊರಗಿಟ್ಟರೆ ಲೆಕ್ಕವೇ ಬದಲಾಗುತ್ತದೆಂಬುದನ್ನೂ ಮರೆಯಲಾಗದು.

ಇನ್ನು ಒಂದು ಪ್ರೌಢಶಾಲೆಯ ಅಂಕಪಟ್ಟಿ ಸಿದ್ಧಪಡಿಸುವ ಪ್ರೋಗ್ರಾಮನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಅದರ ಫಲಿತಾಂಶದ ಮೇಲೆ ದಾನಿಗಳ ದತ್ತಿ ವಿದ್ಯಾರ್ಥಿವೇತನ ಹಂಚಿಕೆಯಾಗುತ್ತದೆ ಎಂದಿಟ್ಟುಕೊಂಡರೆ, ಅದರಲ್ಲಿ ತಪ್ಪಾದಾಗ ನಷ್ಟವಾಗುವುದು ಯಂತ್ರಕ್ಕಲ್ಲ, ಒಬ್ಬ ಬಡ ವಿದ್ಯಾರ್ಥಿಗೆ.

ಆ ಶಾಲೆಯಲ್ಲಿ ಉತ್ತೀರ್ಣತೆಗೆ ಬೇಕಾದ ಕನಿಷ್ಠ ಅಂಕ 35. ಎಂಟನೆಯ ತರಗತಿಯ ಮಕ್ಕಳ ಸಂಖ್ಯೆಯೂ 35. ಪ್ರೋಗ್ರಾಮಿನ ಹತ್ತಾರು ಕಡೆ ಬರಿಯ 35 ಎಂದಷ್ಟೇ ಬರೆದಿದ್ದರೆ ಯಾವುದು ಅಂಕ, ಯಾವುದು ಮಕ್ಕಳ ಸಂಖ್ಯೆ ಎಂಬುದನ್ನು ಹೊಸಬರು ಊಹಿಸಬೇಕು. ನಿಯಮ ಬದಲಾಗಿ ಎಲ್ಲ 35ಗಳನ್ನೂ ತಿದ್ದಿದರೆ ತರಗತಿಯ ಸರಾಸರಿಯೂ ಕೆಡುತ್ತದೆ. ಕನಿಷ್ಠ_ಅಂಕ ಎಂಬ ಹೆಸರಿನಲ್ಲಿ ಆ ಸಂಖ್ಯೆಯನ್ನು ಒಂದೇ ಕಡೆ ಇಟ್ಟು ಉಳಿದೆಡೆ ಹೆಸರನ್ನೇ ಬಳಸುವುದು ಕ್ರಮ. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಇಂತಹ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಲು ಅವಕಾಶವಿದೆಯೆಂಬುದು ಅನೇಕರಿಗೆ ತಿಳಿದಿಲ್ಲ. ಕನ್ನಡ ಬಲ್ಲವರೇ ಓದುವ ಶಾಲೆಯ ಕೆಲಸಕ್ಕೆ ಇದು ಒಪ್ಪುತ್ತದೆ. ಪರಭಾಷಿಕರೊಡನೆ ಹಂಚಿಕೊಳ್ಳುವುದಕ್ಕೆ ಇಂಗ್ಲಿಷ್ ಹೆಸರೇ ಲೇಸು.

ಎಲ್ಲಕ್ಕಿಂತ ಅಪಾಯಕಾರಿಯಾದುದು ದೋಷವನ್ನು ಮುಚ್ಚಿಡುವ ಅಭ್ಯಾಸ. ಅಂಕಗಳನ್ನು ಅಕ್ಷರರೂಪದಿಂದ ಸಂಖ್ಯೆಯಾಗಿ ಪರಿವರ್ತಿಸುವ ಇಂಟ್ ಎಂಬ ಆದೇಶ ಪೈಥಾನಿನಲ್ಲಿದೆ. ೩೫ ಎಂದು ಕನ್ನಡ ಅಂಕಿಯಲ್ಲಿ ಬರೆದುದನ್ನೂ ಅದು ಸರಿಯಾಗಿಯೇ ಗ್ರಹಿಸುತ್ತದೆ. ಆದರೆ ಪರೀಕ್ಷೆಗೆ ಬಾರದ ವಿದ್ಯಾರ್ಥಿಯ ಮುಂದೆ ಗುಮಾಸ್ತರು 'ಗೈರು' ಎಂದು ಬರೆದಿದ್ದರೆ ಪರಿವರ್ತನೆ ಸಾಧ್ಯವಾಗದೆ ಯಂತ್ರವು ದೋಷವನ್ನು ವರದಿಮಾಡಿ ನಿಲ್ಲುತ್ತದೆ. ಈ ನಿಲುಗಡೆಯಿಂದ ಬೇಸತ್ತವರು, ಯಾವುದೇ ದೋಷ ಬಂದರೂ ಸುಮ್ಮನೆ ಮುಂದೆ ಸಾಗು ಎಂಬರ್ಥದ ಎಕ್ಸೆಪ್ಟ್, ಪಾಸ್ ಎಂಬೆರಡು ಪದಗಳನ್ನು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಆಗ ನಡೆಯುವುದೇನು? ಅಂಕವೆಂಬ ಹೆಸರಿನಲ್ಲಿ ಹಿಂದಿನ ವಿದ್ಯಾರ್ಥಿಯ ಬೆಲೆ ಇನ್ನೂ ಉಳಿದಿರುತ್ತದೆ. ಹಿಂದಿನವನು 92 ಪಡೆದಿದ್ದರೆ ಪರೀಕ್ಷೆಗೇ ಬಾರದವನ ಹೆಸರಿಗೂ 92 ಸೇರುತ್ತದೆ. ಪಟ್ಟಿ ಅಚ್ಚುಕಟ್ಟಾಗಿ ಮುದ್ರಣವಾಗುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ದತ್ತಿಯ ಹಣ ಮಾತ್ರ ಅನ್ಯರ ಪಾಲಾಗುತ್ತದೆ. ವ್ಯಾಲ್ಯೂ ಎರರ್ ಎಂಬ ನಿರ್ದಿಷ್ಟ ದೋಷವನ್ನಷ್ಟೇ ಹಿಡಿದು, ಆ ವಿದ್ಯಾರ್ಥಿಯ ಹೆಸರನ್ನು ಪ್ರತ್ಯೇಕ ಪಟ್ಟಿಗೆ ಸೇರಿಸಿ, ಉಳಿದ ದೋಷಗಳಿಗೆ ಯಂತ್ರವನ್ನು ನಿಲ್ಲಗೊಡುವುದೇ ಯೋಗ್ಯ. ಎಲ್ಲಿ ತಪ್ಪಿದೆಯೆಂದು ತಿಳಿಸಿ ನಿಂತ ಯಂತ್ರವು ಉಪಕಾರವನ್ನೇ ಮಾಡಿರುತ್ತದೆ.

ಈ ಪ್ರತ್ಯೇಕ ಪಟ್ಟಿಯ ವಿಷಯದಲ್ಲಿಯೂ ಪೈಥಾನ್ ಬಲ್ಲವರನ್ನೇ ಮೋಸಗೊಳಿಸುವ ಒಂದು ಸೂಕ್ಷ್ಮವಿದೆ. ಗೈರುಹಾಜರಾದವರ ಹೆಸರು ಸೇರಿಸುವ ಫಂಕ್ಷನ್ನಿಗೆ, ಪಟ್ಟಿಯನ್ನು ಕೊಡದಿದ್ದರೆ ಖಾಲಿ ಪಟ್ಟಿಯಿಂದ ಆರಂಭಿಸು ಎಂದು ಅದರ ತಲೆಸಾಲಿನಲ್ಲಿಯೇ ಬರೆಯುವುದುಂಟು. ಆದರೆ ಆ ಖಾಲಿ ಪಟ್ಟಿ ಫಂಕ್ಷನ್ನನ್ನು ಕರೆದಾಗಲೆಲ್ಲ ಹೊಸದಾಗಿ ಹುಟ್ಟದೆ, ಫಂಕ್ಷನ್ನಿನ ನಿರೂಪಣೆಯ ವೇಳೆ ಒಮ್ಮೆ ಮಾತ್ರ ಹುಟ್ಟುತ್ತದೆ. ಎಂಟನೆಯ ತರಗತಿಯ ಹೆಸರುಗಳು ಅದರಲ್ಲಿಯೇ ಉಳಿದು ಒಂಬತ್ತನೆಯ ತರಗತಿಯ ಗೈರುಹಾಜರಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ತಲೆಸಾಲಿನಲ್ಲಿ ನನ್ ಎಂದಿಟ್ಟು, ಒಳಗೆ ಹೊಸ ಪಟ್ಟಿ ರಚಿಸುವುದು ಇದಕ್ಕೆ ಪರಿಹಾರ.

ಟಿಪ್ಪಣಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾಲು ಏನು ಮಾಡುತ್ತದೆಂಬುದನ್ನು ಸಾಲೇ ಹೇಳುತ್ತದೆ. ಏಕೆ ಹಾಗೆ ಮಾಡಲಾಗಿದೆ ಎಂಬುದನ್ನು ಟಿಪ್ಪಣಿ ಹೇಳಬೇಕು. ಅಂಕ ತಿದ್ದಿ ಟಿಪ್ಪಣಿ ತಿದ್ದದಿದ್ದರೆ ಅದು ಇಲ್ಲದಿರುವುದಕ್ಕಿಂತ ಕೇಡು. ಸಾಲುಗಳನ್ನು ಅಂದವಾಗಿ ಜೋಡಿಸಲು 2018ರಲ್ಲಿ ಬಂದ ಬ್ಲ್ಯಾಕ್ ಮುಂತಾದ ಸಾಧನಗಳಿವೆ. ಪ್ರೋಗ್ರಾಮನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಈಗ ಬಳಕೆಯಲ್ಲಿವೆ. ಅವು ಬರೆದುದನ್ನು ಓದಿ ಒಪ್ಪುವ ಹೊಣೆ ಮಾತ್ರ ಮನುಷ್ಯನದೇ ಆಗಿ ಉಳಿದಿದೆ.

ಹಾಗೆ ಒಪ್ಪುವ ಮೊದಲು ಉತ್ತರ ತಿಳಿದಿರುವ ಸಣ್ಣ ಲೆಕ್ಕವೊಂದನ್ನು ಪ್ರೋಗ್ರಾಮಿಗೆ ಕೊಟ್ಟು ನೋಡುವುದುಂಟು. ಮೇಲಿನ ಅಂಕಪಟ್ಟಿಗಾದರೆ ಮೂವರು ವಿದ್ಯಾರ್ಥಿಗಳು ಸಾಕು: 34 ಪಡೆದವನೊಬ್ಬ, 35 ಪಡೆದವನೊಬ್ಬ, ಪರೀಕ್ಷೆಗೆ ಬಾರದವನೊಬ್ಬ. ಮೊದಲನೆಯವನು ಅನುತ್ತೀರ್ಣ, ಎರಡನೆಯವನು ಉತ್ತೀರ್ಣ, ಮೂರನೆಯವನು ಗೈರುಹಾಜರಿಯ ಪಟ್ಟಿಯಲ್ಲಿ ಎಂದು ಬಂದ ಮೇಲೆಯೇ ಶಾಲೆಯ ನಿಜವಾದ ಅಂಕಗಳನ್ನು ಅದಕ್ಕೆ ಒಪ್ಪಿಸಬಹುದು.